ಮಲಗಿಸಿದ ಮೇಲೂ ಕಣ್ಣನ್ನು ಮಾತಾಡಿಸಿದವರು

ಮಿದುಳಿನ ಆಪರೇಷನ್ ಮುಗಿದು ರೋಗಿಗೆ ಎಚ್ಚರವಾಗುತ್ತಿದ್ದಂತೆ ವೈದ್ಯರು ಹಾಸಿಗೆಯ ಪಕ್ಕಕ್ಕೆ ಬಂದು ಆಡುವ ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ‘ಹೆಸರು ಹೇಳಿ. ಕೈ ಎತ್ತಿ. ಕಾಲು ಮಡಿಸಿ.’ ಆಪರೇಷನ್ ನಡೆದದ್ದು ದೃಷ್ಟಿನರದ ಹತ್ತಿರವಾದರೆ ಇನ್ನೊಂದು ಮಾತು ಸೇರುತ್ತದೆ: ‘ಕಣ್ಣು ಬಿಡಿ, ಇವು ಎಷ್ಟು ಬೆರಳು?’ ಬಹುಕಾಲ ಈ ಪ್ರಶ್ನೆಗೆ ಉತ್ತರ ಬರುವ ತನಕ ಸರ್ಜನ್‌ಗೂ ಏನೂ ಗೊತ್ತಿರುತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಲೆಬುರುಡೆ ಮುಚ್ಚಿ, ಹೊಲಿಗೆ ಹಾಕಿ, ಪಟ್ಟಿ ಕಟ್ಟಿಯಾಗಿರುತ್ತಿತ್ತು. ನರಕ್ಕೆ ಏಟು ಬಿದ್ದಿದ್ದರೆ ಸರಿಪಡಿಸುವ ಸಮಯ ಕಳೆದುಹೋಗಿರುತ್ತಿತ್ತು. ಅದೇ ಪ್ರಶ್ನೆಯನ್ನು ಕೆಲವು ಗಂಟೆ ಮುಂಚೆ, ರೋಗಿ ಇನ್ನೂ ಅರಿವಳಿಕೆಯಲ್ಲಿ ಮಲಗಿರುವಾಗಲೇ ಕೇಳಲು ವೈದ್ಯಲೋಕಕ್ಕೆ ಸುಮಾರು ನಲವತ್ತು ವರ್ಷ ಹಿಡಿಯಿತು.

ಆ ಪ್ರಶ್ನೆ ಯಾರಿಗೆ, ಏಕೆ ಬೇಕು ಎಂದು ತಿಳಿಯಲು ಮೊದಲು ಒಂದು ದೇವಾಲಯದ ಎದುರು ನಿಲ್ಲಬೇಕು. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಗೆ ಹತ್ತಿರದಲ್ಲಿ ಗೋವಿಂದನಹಳ್ಳಿ ಇದೆ. ಅಲ್ಲಿನ ಪಂಚಲಿಂಗೇಶ್ವರ ದೇವಾಲಯ 1238ರ ಸುಮಾರಿನದು, ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು. ಹೊಯ್ಸಳರು ಕಟ್ಟಿದ, ಮೂರು ಗರ್ಭಗುಡಿಗಳ ತ್ರಿಕೂಟಗಳು ಬೇಕಾದಷ್ಟಿವೆ. ಐದು ಗರ್ಭಗುಡಿಗಳ ಪಂಚಕೂಟ ಅಪರೂಪ. ಐದು ಗುಡಿಗಳೂ ಒಂದೇ ಸಾಲಿನಲ್ಲಿ ನಿಂತಿವೆ. ಅವುಗಳ ಎದುರು ನಿಂತು ನಡುವಿನದರ ಮೇಲೆ ದೃಷ್ಟಿ ನೆಟ್ಟರೆ, ಕಣ್ಣು ಹೊರಳಿಸದಿದ್ದರೂ ಎಡಬಲದ ಗುಡಿಗಳು ಮಸುಕಾಗಿಯಾದರೂ ಕಾಣುತ್ತವೆ. ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಬೆಳೆದವನನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ, ಅವನಿಗೆ ನಡುವಿನ ಗುಡಿ ಸ್ಪಷ್ಟವಾಗಿ ಕಾಣಬಹುದು, ಎರಡೂ ತುದಿಯವು ಕಾಣದೇ ಹೋಗಬಹುದು. ಅಲ್ಲಿ ಕತ್ತಲೆ ಕವಿದಂತೆ ಅವನಿಗೆ ಅನ್ನಿಸುವುದೂ ಇಲ್ಲ. ಗುಡಿ ಇರುವುದೇ ಮೂರು ಅನ್ನಿಸುತ್ತದೆ.

ಇದಕ್ಕೆ ಕಾರಣ ತಲೆಯೊಳಗಿನ ಒಂದು ಕವಲುದಾರಿ. ಒಂದೊಂದು ಕಣ್ಣಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳ ದೃಷ್ಟಿನರ ಹೊರಟು, ಎರಡೂ ಮೂಗಿನ ಹಿಂಭಾಗದ ಆಳದಲ್ಲಿ ಕೂಡುತ್ತವೆ. ಅಲ್ಲಿ ಅರ್ಧದಷ್ಟು ಎಳೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಹೀಗೆ ದಾಟುವ ಎಳೆಗಳೇ ಹೊರಮಗ್ಗುಲ ನೋಟವನ್ನು ಹೊರುವಂಥವು. ಅವುಗಳ ನೇರ ಕೆಳಗೆ ಪಿಟ್ಯುಟರಿ ಗ್ರಂಥಿಯಿದೆ. ಗ್ರಂಥಿ ಊದಿ ಮೇಲಕ್ಕೆ ಒತ್ತಿದರೆ ಮೊದಲು ಸವೆಯುವುದು ಈ ಎಳೆಗಳು. ಅಂಥವರಿಗೆ ಅಕ್ಷರ ಓದಲು ಬರುತ್ತದೆ. ಆದರೆ ಬಾಗಿಲು ದಾಟುವಾಗ ಭುಜ ಬಡಿಯುತ್ತದೆ, ಪಕ್ಕದಿಂದ ಬರುವ ಮೋಟರ್‌ಸೈಕಲ್ ಕಾಣುವುದಿಲ್ಲ, ಸಂತೆಯಲ್ಲಿ ಜನರಿಗೆ ಡಿಕ್ಕಿ ಹೊಡೆದು ಬೈಸಿಕೊಳ್ಳುತ್ತಾರೆ. ನಷ್ಟ ನಿಧಾನವಾಗಿ ಆಗುವುದರಿಂದ ಮನೆಯವರು ವಯಸ್ಸಿಗೆ ಇಲ್ಲವೇ ಪೊರೆಗೆ ಕಾರಣ ಕಟ್ಟುತ್ತಾರೆ.

ಪೊರೆ ಎಂದುಕೊಳ್ಳುವುದಕ್ಕೆ ನಮ್ಮ ಕಡೆ ಒಂದು ಇತಿಹಾಸವೇ ಇದೆ. ಹಳೇ ಮೈಸೂರಿನ ಹಳ್ಳಿಯವರಿಗೆ ಕಣ್ಣಿನ ದೊಡ್ಡಾಸ್ಪತ್ರೆ ಎಂದರೆ ಬೆಂಗಳೂರಿನ ಮಿಂಟೋ. ಈಗಿರುವ ಕಟ್ಟಡಕ್ಕೆ ಅದು ಬಂದದ್ದು 1913ರಲ್ಲಿ. ಅಲ್ಲಿಗೂ ಹೋಗಲಾಗದವರಿಗೆ ಬೆಳಕು ಕೊಟ್ಟದ್ದು ಕಣ್ಣಿನ ಶಿಬಿರಗಳು. ಡಾ. ಎಂ.ಸಿ. ಮೋದಿಯವರು ಊರೂರಿಗೆ ತಂಡ ಕಟ್ಟಿಕೊಂಡು ಹೋಗಿ, ಶಾಲೆಗಳನ್ನೇ ಆಪರೇಷನ್ ಥಿಯೇಟರ್ ಮಾಡಿ, ಒಂದೇ ದಿನ ನೂರಾರು ಜನರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಅವರನ್ನು ನೆನೆಯುವ ಮನೆಗಳು ಇನ್ನೂ ಇವೆ, ನೆನೆಯಲೇಬೇಕು ಕೂಡ. ಆದರೆ ಮಂಜಾದ ಕಣ್ಣೆಲ್ಲ ಪೊರೆ ಬಂದ ಕಣ್ಣಲ್ಲ. ಕಣ್ಣುಗುಡ್ಡೆ ತಿಳಿಯಾಗಿದ್ದು ಅದರ ಹಿಂದಿನ ನರ ಸವೆಯುತ್ತಿರುವವರಿಗೆ ಶಿಬಿರದ ಟಾರ್ಚು ಸಾಲದು. ಬದಿಯ ನೋಟವನ್ನು ಅಳೆಯಬೇಕು.

ಅಳೆಯುವ ವಿದ್ಯೆ ಹಳೆಯದು. ಡೆನ್ಮಾರ್ಕಿನ ಯಾನಿಕ್ ಬ್ಯೆರಮ್ 1889ರ ಸುಮಾರಿಗೆ ತನ್ನ ತಪಾಸಣೆ ಕೋಣೆಯ ಬಾಗಿಲಿನ ಹಿಂಭಾಗವನ್ನೇ ಪರದೆ ಮಾಡಿಕೊಂಡು, ಅದರ ಮೇಲೆ ಚಿಕ್ಕ ಬಿಳಿ ಚುಕ್ಕೆಯೊಂದನ್ನು ಅಂಚಿನಿಂದ ನಡುವಿಗೆ ತರುತ್ತ ‘ಈಗ ಕಂಡಿತೇ?’ ಎಂದು ಕೇಳಿದ. ಚುಕ್ಕೆ ಮಾಯವಾಗುವ, ಮತ್ತೆ ಹುಟ್ಟುವ ಜಾಗಗಳನ್ನು ಗುರುತು ಹಾಕಿದರೆ ಆ ಕಣ್ಣಿನ ನಕ್ಷೆ ಸಿದ್ಧ. ಮುಂದೆ ಕಪ್ಪು ಬಟ್ಟೆಯ ಪರದೆ, ತುದಿಯಲ್ಲಿ ಬಿಳಿ ಗುಂಡಿಯಿರುವ ಕಡ್ಡಿ ಬಂದವು. ಅದೂ ಇಲ್ಲದ ಕಡೆ ವೈದ್ಯರು ರೋಗಿಯ ಎದುರು ಕುಳಿತು, ಅವರ ಒಂದು ಕಣ್ಣು ಮುಚ್ಚಿಸಿ, ತಮ್ಮ ಬೆರಳನ್ನು ಬದಿಯಿಂದ ಒಳಕ್ಕೆ ತಂದು ತಮ್ಮ ನೋಟದೊಂದಿಗೆ ಹೋಲಿಸುತ್ತಾರೆ. ಒಂದು ನಿಮಿಷದ ಕೆಲಸ, ಖರ್ಚು ಸೊನ್ನೆ.

ಅಮೆರಿಕದ ಹಾರ್ವಿ ಕುಶಿಂಗ್ ಈ ನಕ್ಷೆಗಳನ್ನು ಮಿದುಳು ಶಸ್ತ್ರಚಿಕಿತ್ಸೆಯ ಕಣ್ಣಾಗಿ ಮಾಡಿಕೊಂಡ. ಪಿಟ್ಯುಟರಿ ಗೆಡ್ಡೆಯನ್ನು ಮೂಗಿನ ದಾರಿಯಿಂದ ತೆಗೆಯುವ ಆಪರೇಷನ್ನನ್ನು 1907ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಮೊದಲು ಮಾಡಿದ್ದ. ಕುಶಿಂಗ್ ಅದನ್ನು ಪಳಗಿಸಿಕೊಂಡ. ಆದರೆ 1920ರ ದಶಕದ ಕೊನೆಗೆ ಅವನು ಮೂಗಿನ ದಾರಿ ಬಿಟ್ಟು ತಲೆಬುರುಡೆ ತೆರೆಯುವ ದಾರಿಗೆ ಮರಳಿದ. ಹಾಗೆ ಮರಳಲು ಒಂದು ಮುಖ್ಯ ಕಾರಣ ದೃಷ್ಟಿ. ಮೇಲಿನಿಂದ ಹೋದರೆ ನರದ ಮೇಲಿನ ಒತ್ತಡವನ್ನು ಕಣ್ಣಾರೆ ಕಂಡು ಬಿಡಿಸಬಹುದಿತ್ತು. ಮೂಗಿನ ದಾರಿಗೆ ಮತ್ತೆ ಜೀವ ಬಂದದ್ದು 1960ರ ದಶಕದಲ್ಲಿ, ಮಾಂಟ್ರಿಯಲ್‌ನ ಜೂಲ್ ಹಾರ್ಡಿ ಆಪರೇಟಿಂಗ್ ಮೈಕ್ರೋಸ್ಕೋಪ್ ತಂದ ಮೇಲೆ. ಇಷ್ಟೆಲ್ಲ ಬದಲಾದರೂ ನಕ್ಷೆ ಮಾತ್ರ ಎರಡೇ ಸಲ ಬರೆಯುತ್ತಿದ್ದರು: ಆಪರೇಷನ್ನಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ನಡುವಿನ ನಾಲ್ಕಾರು ಗಂಟೆ ಕುರುಡು ಗಂಟೆಗಳು.

ನಮ್ಮಲ್ಲಿ ಈ ವಿದ್ಯೆ ಬೇರೂರಿದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಜೇಕಬ್ ಚಾಂಡಿ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಬಳಿ ಕಲಿತು ಬಂದು ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದರು. ಮರುವರ್ಷ ಮದ್ರಾಸಿನಲ್ಲಿ ಬಿ. ರಾಮಮೂರ್ತಿ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಡಾ. ಆರ್. ಮಾರ್ತಾಂಡವರ್ಮ 1958ರಲ್ಲಿ ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. 1974ರ ಡಿಸೆಂಬರ್‌ನಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ತಲೆಯ ಗೆಡ್ಡೆಯೆಂದು ಹೊರಟವರು ಹೆಚ್ಚಾಗಿ ಬಂದು ಸೇರುವುದು ಹೊಸೂರು ರಸ್ತೆಯ ಆ ಆವರಣಕ್ಕೇ.

ಮಾರ್ತಾಂಡವರ್ಮರ ಕೆಲಸದಲ್ಲಿ ನಮ್ಮ ಕಥೆಗೆ ಬೇಕಾದ ಒಂದು ಎಳೆ ಇದೆ. ಪಾರ್ಕಿನ್ಸನ್ ನಡುಕದವರಿಗೆ ಅವರು ಕೆನ್ನೆಯ ಬದಿಯಿಂದ, ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ತೂರಿಸಿ ಆಳದ ಗಂಟುಗಳನ್ನು ತಲುಪುವ ವಿಧಾನ ರೂಢಿಸಿದರು. ಇಂಥ ಚಿಕಿತ್ಸೆಗಳಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಿದ್ದರು. ಕೈ ನಡುಕ ನಿಂತಿತೇ, ಮಾತು ತೊದಲಿತೇ ಎಂದು ಅವರನ್ನೇ ಕೇಳಬಹುದಿತ್ತು. ಎಚ್ಚರವಾಗಿರುವವರನ್ನು ಕೇಳುವುದು ಸುಲಭ. ಪಿಟ್ಯುಟರಿಯ ಗೆಡ್ಡೆ, ದೃಷ್ಟಿನರಕ್ಕೆ ಅಂಟಿದ ಗೆಡ್ಡೆ, ಅದರ ಪಕ್ಕದ ರಕ್ತನಾಳದ ಉಬ್ಬು ಇವುಗಳಿಗೆ ಕೈ ಹಾಕುವಾಗ ಗಂಟೆಗಟ್ಟಲೆ ಪೂರ್ಣ ಅರಿವಳಿಕೆ ಬೇಕು. ಅಲ್ಲಿ ಕೇಳುವುದು ಯಾರನ್ನು?

ಮಿದುಳನ್ನೇ ನೇರವಾಗಿ ಕೇಳಬೇಕಿತ್ತು. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು, ಅಂದರೆ ಇಇಜಿಯನ್ನು ಪ್ರಕಟಿಸಿದಾಗ ಬಹಳ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್ ಅದನ್ನು ಮತ್ತೆ ಮಾಡಿ ತೋರಿಸಿದರು. ಏಡ್ರಿಯನ್ ಎರಡು ವರ್ಷದ ಹಿಂದಷ್ಟೇ ನೊಬೆಲ್ ಪಡೆದವನು. ಪ್ರಯೋಗಕ್ಕೆ ತನ್ನ ತಲೆಯನ್ನೇ ಒಡ್ಡಿದ. ಮಿನುಗುವ ದೀಪದ ಲಯಕ್ಕೆ ತಲೆಯ ಹಿಂಭಾಗದ ಅಲೆಯೂ ಲಯ ಹಿಡಿಯುವುದನ್ನು ಅವರು ಕಂಡರು. ಆದರೆ ಒಂದು ಮಿಂಚಿಗೆ ಸಿಗುವ ಉತ್ತರ ತೀರಾ ಸಣ್ಣದು, ಕೆಲವೇ ಮೈಕ್ರೋವೋಲ್ಟ್; ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಇಇಜಿಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಲಂಡನ್ನಿನ ಜಾರ್ಜ್ ಡಾಸನ್ 1951ರಲ್ಲಿ ಇದಕ್ಕೆ ಉಪಾಯ ಕಂಡ. ಪ್ರಚೋದನೆಯನ್ನು ಮತ್ತೆ ಮತ್ತೆ ಕೊಟ್ಟು, ಪ್ರತಿಸಲದ ದಾಖಲೆಯನ್ನೂ ಒಂದರ ಮೇಲೊಂದು ಕೂಡಿಸುತ್ತ ಹೋದರೆ, ಲಯವಿಲ್ಲದ ಗದ್ದಲ ತನ್ನಷ್ಟಕ್ಕೆ ಕಳೆದುಹೋಗುತ್ತದೆ, ನಿಜವಾದ ಉತ್ತರ ಮೇಲೇಳುತ್ತದೆ. ಕಂಪ್ಯೂಟರ್ ಇಲ್ಲದ ದಿನಗಳವು. ಮೋಟರಿನಿಂದ ತಿರುಗುವ ಯಂತ್ರವೊಂದನ್ನೇ ಅವನು ಅದಕ್ಕಾಗಿ ಕಟ್ಟಿದ್ದ. 1972ರಲ್ಲಿ ಮಾರ್ಟಿನ್ ಹ್ಯಾಲಿಡೇ ಮತ್ತು ಸಂಗಡಿಗರು, ದೃಷ್ಟಿನರ ಉರಿಯೂತದಿಂದ ಕೆಟ್ಟಿದ್ದರೆ ಈ ಉತ್ತರ ತಡವಾಗಿ ಬರುತ್ತದೆಂದು ತೋರಿಸಿದರು. ಕಪ್ಪುಬಿಳಿ ಚೌಕದ ಹಾಸು ಪರದೆಯ ಮೇಲೆ ಅದಲುಬದಲಾಗುತ್ತಿದ್ದರೆ, ಆರೋಗ್ಯವಂತರಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಹೊತ್ತಿಗೆ ತಲೆಯ ಹಿಂಬದಿಯಲ್ಲಿ ಒಂದು ಅಲೆ ಏಳುತ್ತದೆ. ಆಸ್ಪತ್ರೆಯ ಭಾಷೆಯಲ್ಲಿ ಇದೇ ವಿಇಪಿ ಪರೀಕ್ಷೆ.

ಅದನ್ನು ಥಿಯೇಟರಿನೊಳಕ್ಕೆ ಒಯ್ಯುವ ಯೋಚನೆ ತಡವಾಗಲಿಲ್ಲ. 1973ರಲ್ಲಿ ಲಂಡನ್ನಿನ ರೈಟ್, ಆರ್ಡೆನ್, ಜೋನ್ಸ್ ಕಣ್ಣುಗೂಡಿನ ಆಪರೇಷನ್ ನಡೆಯುತ್ತಿರುವಾಗಲೇ ಈ ಅಲೆಯನ್ನು ನಿರಂತರ ದಾಖಲಿಸಿದ್ದನ್ನು ವರದಿ ಮಾಡಿದರು. 1976ರಲ್ಲಿ ಮೋಶೆ ಫೈನ್‌ಸೋಡ್ ಮತ್ತು ಜೊತೆಗಾರರು ತಲೆಬುರುಡೆ ತೆರೆದ ಆಪರೇಷನ್‌ಗಳಲ್ಲಿ ಅದೇ ಕೆಲಸ ಮಾಡಿದರು. ಎಲ್ಲರಿಗೂ ಹುಮ್ಮಸ್ಸು ಬಂತು. ಕಿವಿಯ ನರವನ್ನು, ಕೈಕಾಲಿನ ನರಗಳನ್ನು ಇದೇ ಬಗೆಯಲ್ಲಿ ಕಾಯುವ ಪದ್ಧತಿ ಆಗಲೇ ಗಟ್ಟಿಯಾಗುತ್ತಿತ್ತು. ಇನ್ನು ಕಣ್ಣೂ ಸೇರಿದಂತೆಯೇ ಎಂದುಕೊಂಡರು.

ಸೇರಲಿಲ್ಲ. ಮಲಗಿದವರು ಪರದೆಯ ಮೇಲಿನ ಚೌಕಗಳನ್ನು ದಿಟ್ಟಿಸಲಾರರು. ಹಾಗಾಗಿ ಮುಚ್ಚಿದ ರೆಪ್ಪೆಯ ಮೇಲೆ ಕನ್ನಡಕದಂಥ ದೀಪ ಕಟ್ಟಿ ಬರೀ ಮಿಂಚು ಹೊಡೆಯಬೇಕು. ಮಿಂಚಿಗೆ ಬರುವ ಅಲೆ ಒಬ್ಬರಿಂದ ಒಬ್ಬರಿಗೆ ಬೇರೆ. ಹಣೆಯ ಚರ್ಮವನ್ನು ಬಿಡಿಸಿ ಮುಂದಕ್ಕೆ ಮಗುಚಿದಾಗ ಅದು ಕಣ್ಣಿನ ಮೇಲೆಯೇ ಬಂದು ಕೂರುತ್ತದೆ. ಕೆಳಗಿದ್ದ ದೀಪ ಎತ್ತಲೋ ಜರುಗುತ್ತದೆ. ಅಲೆ ಇಳಿದರೆ ನರಕ್ಕೆ ಏಟಾಯಿತೋ ದೀಪ ಓರೆಯಾಯಿತೋ ಹೇಳುವವರು ಯಾರೂ ಇಲ್ಲ. ಸರ್ಜನ್ ಕೈ ತಡೆದು ಕಾಯುತ್ತಾರೆ, ಅಲೆ ತಾನೇ ಮರಳುತ್ತದೆ. ಮತ್ತೊಮ್ಮೆ ಅಲೆ ಚೆನ್ನಾಗಿಯೇ ಇರುತ್ತದೆ, ಎಚ್ಚರವಾದ ಮೇಲೆ ಕಣ್ಣು ಕಾಣುವುದಿಲ್ಲ. 1987ರಲ್ಲಿ ಜರ್ಮನಿಯ ಚೆಡ್ಸಿಕ್, ಶ್ರಾಮ್, ಫಾಲ್‌ಬುಶ್ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಇದರಿಂದ ಉಪಯೋಗವಿದೆಯೇ ಎಂದು ಕೇಳಿ, ನೆಚ್ಚಿಕೊಳ್ಳುವಂತಿಲ್ಲ ಎಂಬ ಉತ್ತರ ಕೊಟ್ಟರು. ಪ್ರಾಮಾಣಿಕ ಪ್ರಬಂಧವದು. ಅದರ ನಂತರ ಬಹಳ ಕಡೆ ಈ ಪ್ರಯತ್ನವನ್ನೇ ಕೈಬಿಟ್ಟರು.

ಈ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಸರ್ಜನ್ನರನ್ನು, ಯಂತ್ರ ಕಟ್ಟಿದವರನ್ನು ಹೆಸರಿಸುತ್ತಾರೆ. ನನ್ನ ಮಟ್ಟಿಗೆ ಕಥೆಯ ತಿರುವು ಇರುವುದು ರೋಗಿಯ ತಲೆದೆಸೆಯಲ್ಲಿ ಕೂರುವ ಅರಿವಳಿಕೆ ತಜ್ಞರ ಬಳಿ. ಆ ಕಾಲದಲ್ಲಿ ರೋಗಿಯನ್ನು ಮಲಗಿಸಿಡುತ್ತಿದ್ದದ್ದು ಉಸಿರಿನ ಜೊತೆ ಸೇರಿಸುವ ಹಾಲೋಥೇನ್ ಮತ್ತು ಅದರ ನಂತರ ಬಂದ ಅದೇ ಬಗೆಯ ಅನಿಲಗಳು. ಇವು ಮಿದುಳಿನ ಹೊರಪದರದ ಸಂಪರ್ಕಗಳನ್ನು ಗಾಢವಾಗಿ ಮಂಕುಮಾಡುತ್ತವೆ, ಮೊದಲು ಅಳಿಸುವುದೇ ಕಣ್ಣಿನ ಅಲೆಯನ್ನು. ಪ್ರಶ್ನೆ ಕೇಳಿಸುವ ಮೊದಲೇ ಉತ್ತರ ಹೇಳಬೇಕಾದ ಮಿದುಳನ್ನು ಮೂಕಗೊಳಿಸಿದಂತಾಗಿತ್ತು. 1986ರಲ್ಲಿ ಪ್ರೊಪೊಫಾಲ್ ಎಂಬ ಚುಚ್ಚುಮದ್ದು ಬಳಕೆಗೆ ಬಂತು. ಅದನ್ನು ರೂಪಿಸಿದ ಜಾನ್ ಗ್ಲೆನ್ ಸ್ಕಾಟ್ಲೆಂಡಿನ ಪಶುವೈದ್ಯ. 2018ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದರು. ಸೋಯಾ ಎಣ್ಣೆಯಲ್ಲಿ ಬೆರೆಸಿದ, ಹಾಲಿನಷ್ಟು ಬೆಳ್ಳಗಿನ ಆ ಔಷಧಿಯನ್ನು ಪಂಪಿನ ಮೂಲಕ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತ, ಅನಿಲವನ್ನು ಮುಟ್ಟದೆ ಇಡೀ ಆಪರೇಷನ್ ಸಾಗಿಸುವ ಪದ್ಧತಿ ಬೆಳೆಯಿತು. ಪ್ರೊಪೊಫಾಲ್ ಕೂಡ ಅಲೆಯನ್ನು ತಗ್ಗಿಸುತ್ತದೆ, ಆದರೆ ಅಳಿಸುವುದಿಲ್ಲ.

ಇದರ ಮೇಲೆ ಜಪಾನಿನವರು ಕಟ್ಟಿದರು. 2010ರಲ್ಲಿ ತಾತ್ಸುಯಾ ಸಸಾಕಿ ಮತ್ತು ಸಂಗಡಿಗರ ವರದಿ ಬಂತು. ಮೆತ್ತನೆಯ ಸಿಲಿಕೋನ್ ಬಿಲ್ಲೆಯೊಳಗೆ ಪ್ರಖರವಾದ ಕೆಂಪು ಎಲ್‌ಇಡಿಗಳನ್ನು ಹುದುಗಿಸಿ ರೆಪ್ಪೆಯ ಮೇಲೆ ಇಟ್ಟರು. ಹಣೆಯ ಚರ್ಮ ಮಗುಚಿ ಬಿದ್ದರೂ ಅದು ಜರುಗದೆ ಕೂರುತ್ತದೆ. ಇನ್ನೊಂದು ಜಾಣ್ಮೆಯ ಕೆಲಸವೆಂದರೆ, ಮಿದುಳಿನ ಅಲೆಯ ಜೊತೆಗೆ ಕಣ್ಣಿನೊಳಗಿನ ರೆಟಿನಾದ ಅಲೆಯನ್ನೂ ದಾಖಲಿಸಿದ್ದು, ಅಂದರೆ ಇಆರ್‌ಜಿ. ಎರಡೂ ಇಳಿದರೆ ದೀಪ ಸರಿದಿದೆ ಎಂದರ್ಥ. ನರ್ಸ್ ಅದನ್ನು ಸರಿಪಡಿಸಿದರೆ ಸಾಕು. ರೆಟಿನಾದ ಅಲೆ ಎಂದಿನಂತೆ ಇದ್ದು ಮಿದುಳಿನದು ಮಾತ್ರ ಇಳಿದರೆ, ಬೆಳಕು ಕಣ್ಣಿಗೆ ಮುಟ್ಟಿದೆ, ದಾರಿಯಲ್ಲಿ ಎಲ್ಲೋ ನಿಂತಿದೆ. ಆಗ ಸರ್ಜನ್ ಕೈ ತೆಗೆಯಬೇಕು. ನರ ಕೆಡುವುದಕ್ಕೆ ಅದನ್ನು ಕತ್ತರಿಸಲೇಬೇಕೆಂದಿಲ್ಲ. ಗೆಡ್ಡೆ ಬಿಡಿಸುವಾಗ ಎಳೆದದ್ದು ಹೆಚ್ಚಾದರೆ, ಮೂಳೆ ಕೊರೆಯುವ ಡ್ರಿಲ್ಲಿನ ಬಿಸಿ ತಾಗಿದರೆ, ನರಕ್ಕೆ ರಕ್ತ ಉಣಿಸುವ ಕೂದಲೆಳೆಯ ನಾಳ ಸೆಟೆದುಕೊಂಡರೆ ಸಾಕು. ಎಳೆತ ಸಡಿಲಿಸಿ, ಬೆಚ್ಚನೆಯ ದ್ರವ ಹಾಯಿಸಿ, ರಕ್ತದೊತ್ತಡ ಸ್ವಲ್ಪ ಏರಿಸಿ ಕಾದರೆ ಎಷ್ಟೋ ಸಲ ಅಲೆ ಮರಳುತ್ತದೆ. ಕಾಯುವ ಆ ಕೆಲವು ನಿಮಿಷ ಒಬ್ಬರ ಉಳಿದ ಜೀವಮಾನದ ಬೆಳಕು.

ಸಸಾಕಿಯವರು ನೋಡಿದ್ದು 100 ಜನರ 200 ಕಣ್ಣು. ಅವುಗಳಲ್ಲಿ 187ರಲ್ಲಿ ನಂಬಬಹುದಾದ ಅಲೆ ಸಿಕ್ಕಿತು. ಸಿಗದ ಕಣ್ಣುಗಳಲ್ಲಿ ಹೆಚ್ಚಿನವು ಆಪರೇಷನ್ ಮೇಜಿಗೆ ಬರುವ ಮೊದಲೇ ದೃಷ್ಟಿ ತೀರಾ ಕುಂದಿದ್ದಂಥವು. ಈ ಕಡೆಯ ಸಂಗತಿ ನಮಗೆ ಮುಖ್ಯವಾಗಬೇಕು. ಬೆಂಗಳೂರಿನಲ್ಲಿ ಎಂಥ ಉಪಕರಣವಿದ್ದರೂ, ಕಾಯುವುದಕ್ಕೆ ಕಣ್ಣಿನಲ್ಲಿ ಒಂದಿಷ್ಟಾದರೂ ದೃಷ್ಟಿ ಉಳಿದಿರಬೇಕು. ಗೋವಿಂದನಹಳ್ಳಿಯಿಂದ ರಾಜಧಾನಿಗೆ 150 ಕಿಲೋಮೀಟರ್ ಆಸುಪಾಸು. ಬಸ್ಸಿಗೆ ಅದು ಅರ್ಧ ದಿನದ ದಾರಿ. ‘ವಯಸ್ಸಾಯ್ತಲ್ಲ ಬಿಡಜ್ಜಿ’ ಎಂಬ ಮಾತಿನಿಂದ ತಲೆಯ ಸ್ಕ್ಯಾನಿನವರೆಗಿನ ದಾರಿಗೆ ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಕೆ.ಆರ್. ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಹೋಬಳಿಯ ಆರೋಗ್ಯ ಕೇಂದ್ರದಲ್ಲಾಗಲಿ, ಪೊರೆಯಿಲ್ಲದೆ ದೃಷ್ಟಿ ಮಸುಕಾದವರಿಗೆ, ಕನ್ನಡಕ ಬದಲಿಸಿದರೂ ಎಡವುವವರಿಗೆ, ಬದಿಯಿಂದ ಬೆರಳು ತರುವ ಆ ಒಂದು ನಿಮಿಷದ ಪರೀಕ್ಷೆ ತಪ್ಪದೆ ಆಗಬೇಕು. ಮುಟ್ಟು ಅಕಾಲದಲ್ಲಿ ನಿಂತ, ಎದೆಹಾಲು ಕಾರಣವಿಲ್ಲದೆ ಒಸರುವ, ಕೈಕಾಲು ಮುಖ ದಪ್ಪವಾಗುತ್ತಿರುವವರಲ್ಲಂತೂ ಇನ್ನೂ ಬೇಗ ಆಗಬೇಕು. ಅವೂ ಪಿಟ್ಯುಟರಿ ಗೆಡ್ಡೆಯ ಸುಳಿವುಗಳೇ.

ಇಷ್ಟಾಗಿಯೂ ಮಿಂಚಿನ ಪರೀಕ್ಷೆಗೆ ಮಿತಿಯಿದೆ. ಬೆಳಕು ಬಂತೇ ಇಲ್ಲವೇ ಎಂದಷ್ಟೇ ಅದು ಹೇಳುತ್ತದೆ. ನೋಟದ ಯಾವ ಮೂಲೆ ಹೋಯಿತೆಂದು ಹೇಳಲಾರದು. ಮೂರ್ಛೆರೋಗಕ್ಕೆ ಕಿವಿಯ ಮೇಲ್ಭಾಗದ ಮಿದುಳಿನ ತುಣುಕು ತೆಗೆಯುವಾಗ, ಅಲ್ಲಿ ಬಳಸಿಕೊಂಡು ಹೋಗುವ ದೃಷ್ಟಿ ಎಳೆಗಳು ತುಂಡಾದರೆ ನೋಟದ ಮೇಲಿನ ಕಾಲುಭಾಗ ಹೋಗುತ್ತದೆ. ಈ ತಿರುವನ್ನು 1907ರಲ್ಲೇ ಅಡಾಲ್ಫ್ ಮೇಯರ್ ವಿವರಿಸಿದ್ದ. ಪಾರ್ಕಿನ್ಸನ್‌ಗೆ ಮಿದುಳಿನ ಆಳದ ಒಂದು ಬಿಂದುವನ್ನು ಸುಡುವ ಪ್ಯಾಲಿಡಾಟಮಿ ಆಪರೇಷನ್ನಿನಲ್ಲೂ ಅಷ್ಟೆ: ಸುಡಬೇಕಾದ ಬಿಂದುವಿನ ಕೆಳಗೇ ದೃಷ್ಟಿದಾರಿ ಹಾದುಹೋಗುತ್ತದೆ. 1992ರಲ್ಲಿ ಲೌರಿ ಲೈಟಿನೆನ್ ಪ್ರಕಟಿಸಿದ 38 ರೋಗಿಗಳಲ್ಲಿ 6 ಜನರ ನೋಟದ ಒಂದು ಪಾಲು ಶಾಶ್ವತವಾಗಿ ಹೋಗಿತ್ತು. ಸುಡುವ ಮೊದಲು ಸಣ್ಣ ವಿದ್ಯುತ್ ಹರಿಸಿ ‘ಏನಾದರೂ ಮಿಂಚಿದಂತಾಯಿತೇ?’ ಎಂದು ರೋಗಿಯನ್ನು ಕೇಳುವುದು ಇಂಥ ಆಪರೇಷನ್‌ಗಳ ಕಡ್ಡಾಯ ಹೆಜ್ಜೆಯಾಯಿತು. ಹೌದೆಂದರೆ ಸೂಜಿ ಮೇಲೆತ್ತಬೇಕು.

ಹೀಗೆ ದಾರಿ ಮತ್ತೆ ಎಚ್ಚರದ ರೋಗಿಯ ಕಡೆಗೇ ತಿರುಗಿತು. 2017ರ ಜುಲೈನಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಬೆರಳು ಸೆಟೆದುಕೊಳ್ಳುವ ಕಾಯಿಲೆಯ ಯುವಕನೊಬ್ಬ ಮಿದುಳಿನ ಆಪರೇಷನ್ ನಡೆಯುತ್ತಿರುವಾಗಲೇ ಗಿಟಾರ್ ನುಡಿಸಿದ್ದನ್ನು ದೇಶದ ಪತ್ರಿಕೆಗಳೆಲ್ಲ ಬರೆದವು. ಬೆರಳು ಸಡಿಲಗೊಂಡದ್ದಕ್ಕೆ ಗಿಟಾರೇ ಸಾಕ್ಷಿಯಾಗಿತ್ತು. ನೋಟಕ್ಕೆ ಇದೇ ಬಗೆಯ ಪರೀಕ್ಷೆಯನ್ನು ಫ್ರಾನ್ಸಿನ ಊಗ್ ದ್ಯುಫೋ ತಂಡ ರೂಪಿಸಿದೆ. 2012ರಲ್ಲಿ 14 ರೋಗಿಗಳ ಅನುಭವ ಪ್ರಕಟಿಸಿತು. ಎಚ್ಚರವಾಗಿರುವ ರೋಗಿಯ ಮುಂದೆ ಪರದೆ. ಅದರ ಎದುರುಬದುರು ಮೂಲೆಗಳಲ್ಲಿ ಎರಡು ಚಿತ್ರ, ನಡುವೆ ದಿಟ್ಟಿಸಲು ಒಂದು ಗುರುತು. ಸರ್ಜನ್ ಆಳದಲ್ಲಿ ಸಣ್ಣ ವಿದ್ಯುತ್ ತಾಗಿಸುತ್ತಾರೆ, ರೋಗಿ ಎರಡರ ಹೆಸರನ್ನೂ ಹೇಳಬೇಕು. ಒಂದರ ಹೆಸರು ಮಾತ್ರ ಹೇಳಿ ಇನ್ನೊಂದು ಮಬ್ಬಾಯಿತು, ನೆರಳಾಯಿತು ಎಂದರೆ, ಚಾಕು ದೃಷ್ಟಿ ಎಳೆಗಳ ಅಂಚಿಗೆ ಬಂದಿದೆ ಎಂದೇ ತಿಳಿಯಬೇಕು. ಗೆಡ್ಡೆ ತೀರಾ ಒಳಹೊಕ್ಕಿದ್ದರೆ ಮೇಲಿನ ಕಾಲುಭಾಗ ಬಿಟ್ಟುಕೊಟ್ಟು ಕೆಳಗಿನದನ್ನು ಉಳಿಸಿಕೊಳ್ಳುತ್ತಾರೆ. ಓದಲು, ಮೆಟ್ಟಿಲಿಳಿಯಲು, ಗದ್ದೆಯ ಬದುವಿನ ಮೇಲೆ ನಡೆಯಲು ಬೇಕಾದದ್ದು ಕೆಳಗಿನ ನೋಟ.

ಆ ಚಿತ್ರಗಳು ಯಾವುವು ಎಂಬುದು ಸಣ್ಣ ಪ್ರಶ್ನೆಯಲ್ಲ. ತಲೆ ತೆರೆದು ಮಲಗಿದ ಹೊತ್ತಿನಲ್ಲಿ, ನಾಲ್ಕು ಸೆಕೆಂಡಿನೊಳಗೆ, ಯೋಚಿಸದೆ ಬಾಯಿಗೆ ಬರಬೇಕಾದ ಹೆಸರುಗಳವು. ಪರದೇಶದ ಪಟ್ಟಿಯಲ್ಲಿರುವ ಹಾರ್ಪು, ಇಗ್ಲೂ, ಪ್ರೆಟ್ಸೆಲ್ ನೋಡಿ ಕೆ.ಆರ್. ಪೇಟೆಯ ರೈತ ಸುಮ್ಮನಾದರೆ, ನೋಟ ಹೋಯಿತೋ ವಸ್ತುವೇ ಗೊತ್ತಿಲ್ಲವೋ ತಿಳಿಯುವುದು ಹೇಗೆ? ಅವನ ಪರದೆಯ ಮೇಲೆ ಕುಡುಗೋಲು, ಮೊರ, ತೆಂಗಿನಕಾಯಿ, ಎತ್ತಿನಗಾಡಿ, ಒನಕೆ, ರಾಗಿತೆನೆ ಇರಬೇಕು. ಆಪರೇಷನ್ನಿನ ಹಿಂದಿನ ದಿನವೇ ಅವನ ಜೊತೆ ಕುಳಿತು ಒಂದೊಂದನ್ನೂ ತೋರಿಸಿ, ಅವನ ಬಾಯಲ್ಲಿ ಅದಕ್ಕಿರುವ ಹೆಸರನ್ನೇ ಬರೆದುಕೊಂಡಿರಬೇಕು.